ಒಂದು ತೊಟ್ಟು ಎಣ್ಣೆ

ಆ ಗಾಡಿ ಬಂದು ಮನೆ ಮುಂದೆ ನಿಂತಾಗ ಅಪ್ಪ ಯಾರದೋ ಪ್ಯಾಂಟಿನ ಸೊಂಟ ಸಡಿಲಿಸುತ್ತಿದ್ದರು. ಅದರ ಸದ್ದಿಗೆ ಮೇಜಿನ ಮೇಲಿದ್ದ ಗುಂಡಿ ಡಬ್ಬಿ ಗಡಗಡ ಅಲ್ಲಾಡಿತು. ಅಪ್ಪ ಕತ್ತರಿ ಕೈಯಲ್ಲಿ ಹಿಡಿದೇ ಹೊರಗೆ ಬಂದರು. ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು.

ನೆಲಕ್ಕೆ ಅಂಟಿಕೊಂಡ ಹಾಗಿದ್ದ ತಗ್ಗು ಗಾಡಿ. ಉದ್ದ ಮೂತಿ. ಕೆಂಪು ಬಣ್ಣ ಬಿಸಿಲಿಗೆ ಬೆಂದು ಅಲ್ಲಲ್ಲಿ ಕಿತ್ತಳೆಯಾಗಿತ್ತು. ಅಣ್ಣ ಮೊದಲು ಕಾಲು ಹೊರಗೆ ಹಾಕಿ, ಆಮೇಲೆ ಮೈ ಮುರಿದು, ಕೊನೆಗೆ ತಲೆ ಎತ್ತಿದ.

"ಹೇಗಿದೆ ಅಪ್ಪಾ?"

"ಯಾರದ್ದು?"

"ನಮ್ದೇ."

ಅಪ್ಪ ಬಗ್ಗಿ ಕಿಟಕಿಯೊಳಗೆ ನೋಡಿದರು. "ಹಿಂದಿನ ಸೀಟು ಎಲ್ಲಿ ಹೋಯ್ತು?"

"ಸ್ಪೋರ್ಟ್ಸ್ ಕಾರಪ್ಪಾ ಇದು. ಎರಡೇ ಸೀಟು."

"ಮನೇಲಿ ಆರು ಜನ ಇದೀವಿ. ಉಳಿದ ನಾಲ್ಕು ಜನ ಏನು, ಹಿಂದಿಂದ ತಳ್ಳೋದಕ್ಕಾ?"

ತಮಾಷೆಗೆ ಅಂದ ಮಾತು. ಆದರೆ ಚಳಿಗಾಲ ಬಂದ ಮೇಲೆ ಎಷ್ಟೋ ಬೆಳಗ್ಗೆ ನಾವು ಅದನ್ನು ನಿಜವಾಗಿಯೂ ತಳ್ಳಿದೆವು. ಅತ್ತಿಗೆಗೆ ಆಗ ತುಂಬಿದ ಹೊಟ್ಟೆ, ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಅಜ್ಜಿಯೂ ತಳ್ಳುತ್ತಿರಲಿಲ್ಲ, ಕೋಲು ಎತ್ತಿ "ಎಡಕ್ಕೆ, ಎಡಕ್ಕೆ" ಅನ್ನುತ್ತಿದ್ದಳು.

ಅಣ್ಣ ಬಣ್ಣದ ಗೋದಾಮಿನಲ್ಲಿ ಕೆಲಸಕ್ಕಿದ್ದ. ಗಾಡಿ ಮೊದಲು ನಮ್ಮ ಬೀದಿಯ ಕೆಳಗಿನ ಹಲ್ಲಿನ ಡಾಕ್ಟರದ್ದು. ಚಿಕ್ಕಂದಿನಲ್ಲಿ ಅದು ಹೋಗುವಾಗಲೆಲ್ಲ ಅಣ್ಣ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಡಾಕ್ಟರ ಕೈ ನಡುಗತೊಡಗಿದ ಮೇಲೆ ಅವರು ಹಲ್ಲು ಕೀಳುವುದನ್ನೂ ಗಾಡಿ ಓಡಿಸುವುದನ್ನೂ ಒಟ್ಟಿಗೆ ಬಿಟ್ಟರು. ಅಣ್ಣನಿಗೆ ಅಗ್ಗಕ್ಕೆ ಸಿಕ್ಕಿತು.

"ಎಷ್ಟು ಓಡಿದೆ?" ಎಂದು ಅತ್ತಿಗೆ ಕೇಳಿದಳು.

"ಮೀಟರಲ್ಲಿ ಸ್ವಲ್ಪಾನೇ ತೋರಿಸುತ್ತೆ."

"ಸ್ವಲ್ಪಾನಾ?"

ಅಣ್ಣ ಕಿವಿ ಕೆರೆದುಕೊಂಡ. "ಅಂದ್ರೆ ಮೀಟರು ಒಂದು ಸುತ್ತು ಪೂರ್ತಿ ಮುಗಿಸಿ ಮತ್ತೆ ಸೊನ್ನೆಯಿಂದ ಶುರು ಮಾಡಿದೆ."

"ವಯಸ್ಸು ಮುಚ್ಚಿಟ್ಟು ಮದುವೆ ಮಾಡಿದಾರೆ ಬಿಡು," ಎಂದಳು ಅಜ್ಜಿ. ಆವತ್ತಿನಿಂದ ಅವಳು ಗಾಡಿಯನ್ನು ಅತ್ತಿಗೆಯ ಸವತಿ ಅಂತಲೇ ಕರೆದಳು.

ಸವತಿಗೆ ಖರ್ಚು ಬಹಳ. ಪೆಟ್ರೋಲು ಕುಡಿಯುತ್ತಿದ್ದ ರೀತಿಗೆ ಅಣ್ಣ ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದ, ಗಾಡಿ ಮನೆಯಲ್ಲಿ ಮಲಗಿರುತ್ತಿತ್ತು. ಟೈರುಗಳು ನಮ್ಮ ಪೇಟೆಯಲ್ಲಿ ಸಿಗದ ಅಳತೆಯವು, ತರಿಸಬೇಕು. ರೇಡಿಯೇಟರ್ ಸೋರಿತು. ಅದು ಸರಿಯಾಗುವಷ್ಟರಲ್ಲಿ ಕ್ಲಚ್ ಹೋಯಿತು. ಇಳಿಜಾರಿನ ಬುಡದಲ್ಲಿದ್ದ ಗ್ಯಾರೇಜಿನವನು ಪ್ರತಿ ಸಲ ಕೈ ಒರೆಸಿಕೊಳ್ಳುತ್ತಾ "ಇದು ಮುಗೀತು, ಆದ್ರೆ ಇನ್ನೊಂದು ಇದೆ" ಅನ್ನುತ್ತಿದ್ದ. ಅಜ್ಜಿ ಅವನಿಗೆ ಇನ್ನೊಂದಪ್ಪ ಅಂತ ಹೆಸರಿಟ್ಟಳು. ಅವನ ಬಿಲ್ಲು ತೀರಿಸಲಾಗದೆ ಅಮ್ಮ ಅವನ ಗ್ಯಾರೇಜಿನವರ ಹರಿದ ಅಂಗಿ, ಪ್ಯಾಂಟುಗಳನ್ನೆಲ್ಲ ಪುಕ್ಕಟೆ ಹೊಲಿದುಕೊಡತೊಡಗಿದಳು.

ಗೇರ್ ಬಾಕ್ಸ್ ಹೋದಾಗ ಮಾತ್ರ ಹೊಲಿಗೆಯಿಂದ ತೀರುವ ಬಿಲ್ಲಾಗಿರಲಿಲ್ಲ. ಗಾಡಿ ಹೆಚ್ಚು ಕಡಿಮೆ ಒಂದು ತಿಂಗಳು ಗ್ಯಾರೇಜಿನಲ್ಲೇ ಕೂತಿತು. ಅಣ್ಣ ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸಿ ಎದ್ದು ಹೋಗುತ್ತಿದ್ದ. ಅಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಅಪ್ಪ ಬಟ್ಟೆ ತರಲು ಪೇಟೆಗೆ ಹೋದ ದಿನ, ತನ್ನ ಓವರ್‌ಲಾಕ್ ಮಷೀನನ್ನು, ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿಯುವ ಮಷೀನನ್ನು, ಮಾರಿಬಿಟ್ಟಳು.

ಅಪ್ಪ ಬಂದು ನೋಡಿದರೆ ನೆಲದ ಮೇಲೆ ಮಷೀನಿನ ಕಾಲುಗಳ ಗುರುತು ಮಾತ್ರ ಇತ್ತು. ಅಲ್ಲಿ ನೆಲ ಬೇರೆ ಕಡೆಗಿಂತ ಬೆಳ್ಳಗಿತ್ತು.

"ಎಲ್ಲೇ?"

"ಕೊಟ್ಟೆ."

"ಯಾರನ್ನ ಕೇಳಿ ಕೊಟ್ಟೆ?"

"ನನ್ನ ಮಷೀನು ರೀ. ಯಾರನ್ನ ಕೇಳ್ಬೇಕು? ಗಂಡು ಮಗ ಊಟ ಬಿಟ್ಟಿದಾನೆ."

"ಇನ್ಮೇಲೆ ಅಂಚು ಯಾರು ಹಾಕ್ತಾರೆ, ನಿನ್ನ ಗಂಡು ಮಗ ಹಲ್ಲಲ್ಲಿ ಕಚ್ಚಿ ಹಾಕ್ತಾನಾ?"

ಅಷ್ಟರಲ್ಲಿ ಅಣ್ಣ ಬಂದ. ಅವನಿಗೂ ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಬಾಯಲ್ಲಿ ಬೇರೆ ಮಾತು ಬಂತು.

"ನಾನೇನು ಮಾರು ಅಂದ್ನಾ? ನಾಳೆ ಇವಳಿಗೆ ನೋವು ಬಂದ್ರೆ ಆಸ್ಪತ್ರೆಗೆ ಬಸ್ಸಲ್ಲಿ ನಿಲ್ಲಿಸಿಕೊಂಡು ಹೋಗ್ಲಾ? ಮನೇಲಿ ಒಂದು ಗಾಡಿ ಇರ್ಲಿ ಅಂತ ತಂದೆ. ತಪ್ಪಾ?"

"ಆ ಗಾಡೀಲಿ ಅವಳಿಗೆ ಕಾಲು ಚಾಚೋಕೂ ಜಾಗ ಇಲ್ಲ ಕಣೋ! ಹೆರಿಗೆಗೆ ಅಂತೆ! ನಿನ್ನ ಶೋಕಿಗೆ ಅನ್ನು."

"ಹೌದು, ಶೋಕೀನೇ. ಜೀವಮಾನ ಎಲ್ಲಾ ಇನ್ನೊಬ್ಬರ ಪ್ಯಾಂಟಿನ ಸೊಂಟ ಸಡಿಲಿಸಿದೋರಿಗೆ ಶೋಕಿ ಅಂದ್ರೆ ಏನು ಗೊತ್ತಾಗುತ್ತೆ?"

ಅತ್ತಿಗೆ "ರೀ" ಎಂದಳು, ಅಷ್ಟೆ. ಅಪ್ಪ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಸುತ್ತಿ ಮೇಜಿನ ಮೇಲಿಟ್ಟರು.

"ಕೇಳಿಸಿಕೊಳ್ಳಿ ಎಲ್ಲರೂ. ಆ ಗಾಡಿ ಒಳಗೆ ನಾನು ಕೂರಲ್ಲ. ಅದರ ಮೇಲೆ ಈ ಕೈ ಬೀಳಲ್ಲ. ಅದರ ಮಾತೂ ಆಡಲ್ಲ."

ಆಮೇಲೆ ಅಮ್ಮ ಅಂಚುಗಳನ್ನು ಕೈಯಲ್ಲೇ ಹಾಕಿದಳು. ಶಾಲೆ ಬಿಟ್ಟಾಗಿನಿಂದ ಕಾಜಾ, ಗುಂಡಿ ನನ್ನ ಪಾಲಿನ ಕೆಲಸವಾಗಿತ್ತು. ಈಗ ಅರ್ಧ ಅಂಚುಗಳೂ ನನ್ನ ಮಡಿಲಿಗೆ ಬಂದವು. ಅಪ್ಪ, ಅಣ್ಣ ಮಾತಾಡುವುದಿದ್ದರೆ ನನ್ನ ಮೂಲಕ ಮಾತಾಡುತ್ತಿದ್ದರು. "ಪಿಸೂ, ನಿಮ್ಮಣ್ಣನಿಗೆ ಹೇಳು, ನಲ್ಲಿ ಸರಿಯಾಗಿ ತಿರುಗಿಸಿಲ್ಲ." "ಪಿಸೂ, ಅಪ್ಪನಿಗೆ ಹೇಳು, ತಿರುಗಿಸಿದೀನಿ." ನನ್ನ ದನಿ ಪಿಸುಮಾತಿಗಿಂತ ಮೇಲೆ ಏಳುವುದಿಲ್ಲ, ಅದಕ್ಕೇ ಆ ಹೆಸರು. ಇಬ್ಬರೂ ಎದುರೆದುರೇ ಕೂತಿರುತ್ತಿದ್ದರಿಂದ ನನಗೇನೂ ಕಷ್ಟವಾಗಲಿಲ್ಲ.

ಗೇರ್ ಬಾಕ್ಸ್ ಸರಿಯಾಗಿ ಗಾಡಿ ಮನೆಗೆ ಬಂದಾಗ ಹೊಸದೊಂದು ಸದ್ದನ್ನು ತಂದಿತು. ನಮ್ಮ ಮನೆ ಏರಿನ ತುದಿಯಲ್ಲಿದೆ. ಬೀದಿ ಇಲ್ಲಿಂದ ನೇರ ಕೆಳಗೆ ಧುಮುಕಿ, ನೀರಿನ ಟ್ಯಾಂಕಿನ ಕಲ್ಲುಗೋಡೆಯ ಹತ್ತಿರ ಗಕ್ಕನೆ ತಿರುಗುತ್ತದೆ. ಅಲ್ಲಿ ಅಣ್ಣ ಬ್ರೇಕ್ ಒತ್ತಿದಾಗಲೆಲ್ಲ ಕಿರ್ರ್ ಎಂದು ಉದ್ದಕ್ಕೆ ಕೇಳಿಸುತ್ತಿತ್ತು, ಒಣಗಿದ ಬಾಗಿಲು ಎಳೆದ ಹಾಗೆ. ಅಷ್ಟು ದೂರದಿಂದಲೂ ಮನೆಯೊಳಗೆ ಬರುತ್ತಿತ್ತು. "ತಿರುವು ದಾಟಿದ," ಎನ್ನುತ್ತಿದ್ದಳು ಅಜ್ಜಿ, ಹಾಸಿಗೆಯಲ್ಲೇ ಕೂತು.

"ಅದೇನು ಸದ್ದು?" ಎಂದು ಅತ್ತಿಗೆ ಕೇಳಿದ್ದಳು.

"ಪ್ಯಾಡ್ ಸವೆದಿದೆಯಂತೆ. ಬ್ರೇಕ್ ಆಯಿಲ್ಲೂ ಸ್ವಲ್ಪ ಇಳಿಯುತ್ತೆ, ಎಲ್ಲೋ ಸೋರ್ತಾ ಇದೆ ಅಂದ ಇನ್ನೊಂದಪ್ಪ. ಎರಡೂ ಒಟ್ಟಿಗೆ ಮಾಡಿಸಿದ್ರೆ ವಾಸಿ. ಸಂಬಳ ಬರ್ಲಿ."

ಅಪ್ಪ ಬಾಬಿನ್‌ಗೆ ದಾರ ಸುತ್ತುತ್ತಿದ್ದವರು ತಲೆ ಎತ್ತಲಿಲ್ಲ. ಆದರೆ ದಾರ ತುಂಬಿ ಉಕ್ಕಿದರೂ ಚಕ್ರ ತಿರುಗಿಸುತ್ತಲೇ ಇದ್ದರು.

ನಮ್ಮ ಮನೆಯಲ್ಲಿ ಯಾವುದು ಕಿರುಗುಟ್ಟಿದರೂ ಅಪ್ಪನದ್ದು ಒಂದೇ ಮಾತು: ಒಂದು ತೊಟ್ಟು ಎಣ್ಣೆ ಬಿಡು. ಬಾಗಿಲಿಗೆ ಎಣ್ಣೆ, ಬೀಗಕ್ಕೆ ಎಣ್ಣೆ, ಕತ್ತರಿಗೆ ಎಣ್ಣೆ, ಅಜ್ಜಿಯ ಮಂಚಕ್ಕೂ ಎಣ್ಣೆ. ಹೊಲಿಗೆ ಮಷೀನಿಗೆ ಬಿಡುವ ತೆಳ್ಳನೆಯ ಎಣ್ಣೆ, ನೀರಿನಷ್ಟು ತಿಳಿ. ಬಿಳಿ ಬಟ್ಟೆಯ ಮೇಲೆ ಬಿದ್ದರೂ ತೊಳೆದರೆ ಹೋಗುವಂಥದ್ದು. ಮಷೀನುಗಳು ಅದರಿಂದಲೇ ಇಷ್ಟು ವರ್ಷ ಬಾಳಿವೆ ಅಂತ ಅಪ್ಪನ ನಂಬಿಕೆ, ಅದು ಸುಳ್ಳೂ ಅಲ್ಲ.

ಒಂದು ಮಧ್ಯಾಹ್ನ ಅಣ್ಣ ಕೆಲಸಕ್ಕೆ ಹೋಗಿದ್ದ. ಅಮ್ಮ, ಅತ್ತಿಗೆ ಮಲಗಿದ್ದರು. ನಾನು ಒಣಗಿದ ಬಟ್ಟೆ ತೆಗೆಯಲು ಹೊರಗೆ ಹೋದರೆ ಗಾಡಿಯ ಬಾನೆಟ್ ತೆರೆದಿತ್ತು. ಅಪ್ಪ ಮೊಣಕೈವರೆಗೆ ತೋಳು ಮಡಿಸಿ ನಿಂತಿದ್ದರು. ಕೈಯಲ್ಲಿ ಎಣ್ಣೆಯ ಬಾಟಲಿ.

"ಅಪ್ಪಾ, ನೀವು…"

"ಶ್. ಬಾ ಇಲ್ಲಿ. ಇದೇ ಅಲ್ವಾ ಬ್ರೇಕಿಂದು? ಅವನು ಇದನ್ನೇ ಬಗ್ಗಿ ಬಗ್ಗಿ ನೋಡ್ತಿದ್ದ." ಪ್ಲಾಸ್ಟಿಕ್ಕಿನ ಒಂದು ಚಿಕ್ಕ ಬಾಟಲಿ, ಮೇಲೆ ಎರಡು ಗೆರೆ. ಒಳಗಿನದ್ದು ಕೆಳಗೆರೆಗಿಂತ ಇಳಿದಿತ್ತು. "ಇಷ್ಟು ಒಣಗಿಸಿದ್ರೆ ಕಿರುಗುಟ್ಟದೆ ಇನ್ನೇನು ಮಾಡುತ್ತೆ? ಬಸುರಿ ಹುಡುಗಿ ಕೂರೋ ಗಾಡಿ ಇದು."

ಮುಚ್ಚಳ ಬಿಚ್ಚಿ, ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ, ಮೇಲಿನ ಗೆರೆ ಮುಟ್ಟುವವರೆಗೆ ಸುರಿದರು. ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ತುಟಿ ಒಳಗೆ ಮಡಿಸಿಕೊಂಡಿದ್ದರು. ಮುಚ್ಚಳ ಹಾಕಿ ಸುತ್ತಲೂ ಬಟ್ಟೆಯಿಂದ ಒರೆಸಿದರು.

"ಆ ಸದ್ದು ನಿಲ್ಲಿಸ್ತೀನಿ ನೋಡ್ತಿರು. ನಿಮ್ಮಣ್ಣನಿಗೆ ಮಾತ್ರ ಹೇಳ್ಬೇಡ. ಮುಟ್ಟಲ್ಲ ಅಂದಿದೀನಿ."

ಸದ್ದು ನಿಲ್ಲಲಿಲ್ಲ. "ಒಳಗೆ ಇಳಿಯೋದಕ್ಕೆ ಹೊತ್ತು ಬೇಕು," ಎಂದರು ಅಪ್ಪ, ಮತ್ತು ಮುಂದಿನ ವಾರ ಇನ್ನಷ್ಟು ಸುರಿದರು.

ಅಣ್ಣ ಮಾತ್ರ ಬಾನೆಟ್ ತೆಗೆದು ನೋಡಿ ಕುಣಿದ. "ಏ ನೋಡು, ಆಯಿಲ್ ಇಳಿದೇ ಇಲ್ಲ! ಸೋರೋದು ತಾನಾಗೇ ನಿಂತಿದೆ."

"ಸವತಿಗೆ ಬುದ್ಧಿ ಬಂತು," ಎಂದಳು ಅಜ್ಜಿ.

ಅಪ್ಪ ತಟ್ಟೆಯ ಕಡೆ ನೋಡಿ ನಕ್ಕರು. ಆ ದಿನಗಳಲ್ಲಿ ಮನೆ ಹಗುರಾಗಿತ್ತು. ಅಪ್ಪ ಒಮ್ಮೆ ನೇರವಾಗಿ ಅಣ್ಣನಿಗೇ "ಇನ್ನೊಂದು ಮೊಟ್ಟೆ ಹಾಕಿಸ್ಕೋ" ಎಂದರು. ಅಣ್ಣ ನನ್ನ ಕಡೆ ನೋಡಿದ, ನಾನು ಅದನ್ನು ಮುಟ್ಟಿಸಬೇಕೇನೋ ಎಂಬಂತೆ. ನಾನು ಮೊಟ್ಟೆಯ ಪಾತ್ರೆ ಎತ್ತಿದೆ. ಹಾಕಿಸಿಕೊಂಡ.

ಆಮೇಲೆ ವಾಸನೆ ಶುರುವಾಯಿತು.

ಒಂದು ಸಂಜೆ ಅಮ್ಮ ಅಡುಗೆಮನೆಯಿಂದ ಓಡಿಬಂದಳು. "ಯಾರೇ ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೆ ಬಿಟ್ಟಿದ್ದು? ಸೀದ ವಾಸನೆ!" ಇಸ್ತ್ರಿ ಪೆಟ್ಟಿಗೆ ತಣ್ಣಗಿತ್ತು. ಅಣ್ಣ, ಅತ್ತಿಗೆ ಆಗಷ್ಟೇ ಗಾಡಿಯಿಂದ ಇಳಿದಿದ್ದರು. ಎರಡು ದಿನ ಬಿಟ್ಟು ಮತ್ತೆ ಅದೇ ವಾಸನೆ, ಅಮ್ಮ ಮತ್ತೆ ಇಸ್ತ್ರಿ ಪೆಟ್ಟಿಗೆಗೆ ಓಡಿದಳು. ನಾನು ಹೊರಗೆ ಹೋಗಿ ಗಾಡಿಯ ಮುಂದಿನ ಚಕ್ರದ ಹತ್ತಿರ ಕೈ ಹಿಡಿದೆ. ಕಾದ ಹೆಂಚಿನ ಹತ್ತಿರ ಹಿಡಿದ ಹಾಗಿತ್ತು.

"ಪೆಡಲ್ಲೂ ಈಗ ಗಟ್ಟಿಯಾಗಿದೆ, ಕಲ್ಲಿನ ಹಾಗೆ," ಎಂದ ಅಣ್ಣ, ಖುಷಿಯಲ್ಲೇ. "ಮೊದಲು ಮೆತ್ತಗಿತ್ತು. ಬ್ರೇಕ್ ಚೆನ್ನಾಗಿ ಹಿಡೀತಿದೆ ಅಂತ ಅರ್ಥ."

ಅತ್ತಿಗೆಗೆ ಕೊನೆಯ ತಿಂಗಳು. ಆ ವಾರ ಒಂದು ಬೆಳಗ್ಗೆ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಅದರ ಹಿಂದಿನ ಮಧ್ಯಾಹ್ನ ನಾನು ಇನ್ನೊಂದಪ್ಪನ ಹೊಲಿದ ಬಟ್ಟೆಗಳನ್ನು ಕೊಡಲು ಗ್ಯಾರೇಜಿಗೆ ಇಳಿದು ಹೋದೆ. ಅವನು ಯಾವುದೋ ಬ್ರೆಡ್ ವ್ಯಾನಿನ ಕೆಳಗಿಂದ ಎದ್ದು ಬಂದು, ವ್ಯಾನಿನವನ ಮುಖದ ಮುಂದೆ ಒಂದು ಕಪ್ಪು ರಬ್ಬರ್ ಉಂಗುರ ಹಿಡಿದಿದ್ದ. ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತ್ತು.

"ಯಾವ ಮಹಾನುಭಾವ ಬ್ರೇಕ್ ಬಾಟಲಿಗೆ ಇಂಜಿನ್ ಆಯಿಲ್ ಹಾಕಿದ್ದು?"

"ನಾನೇ. ಎಣ್ಣೆ ಎಣ್ಣೇನೇ ಅಲ್ವಾ ಅಂತ…"

"ಹಾಗಾದ್ರೆ ನೀನು ನಾಳೆಯಿಂದ ಸೀಮೆಎಣ್ಣೇಲಿ ಬ್ರೆಡ್ ಸುಡು. ಎಣ್ಣೆ ಎಣ್ಣೇನೇ ಅಲ್ವಾ! ಬ್ರೇಕಿಗೆ ಹಾಕೋದನ್ನ ಬಾಯಲ್ಲಿ ಮಾತ್ರ ಎಣ್ಣೆ ಅಂತೀವಿ, ಅದು ಎಣ್ಣೆ ಅಲ್ಲಪ್ಪ. ನಿಜವಾದ ಎಣ್ಣೆ ಬಿದ್ರೆ ರಬ್ಬರೆಲ್ಲ ಹೀಗೆ ಉಬ್ಬುತ್ತೆ. ಮೊದಲು ಚಕ್ರ ಹಿಡ್ಕೊಂಡು ಕಾಯುತ್ತೆ, ಸೀದ ವಾಸನೆ ಬರುತ್ತೆ. ಆಮೇಲೆ ಒಂದಿನ ಪೆಡಲ್ ಒತ್ತಿದ್ರೆ ಸೀದಾ ನೆಲಕ್ಕೆ ಹೋಗುತ್ತೆ, ಅಷ್ಟೇ. ನಿನ್ನ ಪುಣ್ಯ, ಮರಳು ರಾಶಿಗೆ ನುಗ್ಗಿದೆ."

"ಹೊಲಿಗೆ ಮಷೀನ್ ಎಣ್ಣೆ ಆದ್ರೆ?" ಎಂದೆ.

"ಏನಮ್ಮಾ? ಗಟ್ಟಿಯಾಗಿ ಹೇಳು."

ಮತ್ತೆ ಹೇಳಿದೆ.

"ಅದೂ ಅದೇ ಜಾತಿ. ಯಾಕೆ?"

"ಸುಮ್ನೆ," ಎಂದು ಬಟ್ಟೆ ಅಲ್ಲೇ ಇಟ್ಟು ಏರು ಹತ್ತಿ ಓಡಿದೆ.

ಅಪ್ಪ ಕಾಲರ್ ತಿರುಗಿಸುತ್ತಿದ್ದರು. ನಾನು ಹೇಳುತ್ತಿದ್ದಷ್ಟು ಹೊತ್ತೂ ಅವರ ಕಾಲು ಮಷೀನಿನ ಪೆಡಲ್ ಮೇಲೆ ಅಲ್ಲಾಡದೆ ಇತ್ತು. ಮುಗಿಸಿದ ಮೇಲೆ ಎಣ್ಣೆ ಬಾಟಲಿಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ತಿಳಿಯಾಗಿದೆ," ಎಂದರು.

"ಅಪ್ಪಾ, ಅಣ್ಣನಿಗೆ ಹೇಳ್ಬೇಕು."

"ನಾನೇ ಹೇಳ್ತೀನಿ. ಸಂಜೆ ಬರ್ಲಿ. ನೀನು ಬಾಯಿ ಬಿಡ್ಬೇಡ, ನನ್ನ ಬಾಯಿಂದಲೇ ಬರಬೇಕು ಅದು."

ಸಂಜೆ ಅಣ್ಣ ಬಸ್ಸಿಳಿದು ಏರು ಹತ್ತಿ ಬಂದ. ತಲೆಯ ಮೇಲೆ ಮರದ ತೊಟ್ಟಿಲು. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ನಗುತ್ತಿದ್ದ. ಅಮ್ಮ ಓಡಿಹೋಗಿ ಒಂದು ತುದಿ ಹಿಡಿದಳು. ಖಾಲಿ ಬಿದ್ದಿದ್ದ ಜಾಗದಲ್ಲಿ, ಓವರ್‌ಲಾಕ್ ಮಷೀನಿನ ಬೆಳ್ಳನೆಯ ಗುರುತುಗಳ ಮೇಲೆಯೇ ಅದನ್ನು ಇಳಿಸಿದರು. ಅತ್ತಿಗೆ ಅದರ ಅಂಚನ್ನು ಸವರಿ ಸವರಿ ನೋಡಿದಳು.

"ದುಡ್ಡೆಲ್ಲಿತ್ತೋ?" ಎಂದಳು ಅಮ್ಮ.

"ಬ್ರೇಕಿಗೆ ಅಂತ ಎತ್ತಿಟ್ಟಿದ್ದೆ. ಅದು ಸರಿಹೋಯ್ತಲ್ಲ, ಇದಕ್ಕೆ ಹಾಕಿದೆ."

ಊಟಕ್ಕೆ ಕೂತೆವು. ಅಪ್ಪ ತುತ್ತು ಕಲಸಿ ಹಾಗೇ ಹಿಡಿದುಕೊಂಡಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಆ ಬ್ರೇಕು…"

ಎಲ್ಲರೂ ತಲೆ ಎತ್ತಿದರು. ಅಪ್ಪ ಗಾಡಿಯ ಮಾತೆತ್ತಿದ್ದು ಆ ಜಗಳದ ಮೇಲೆ ಅದೇ ಮೊದಲು.

ಅಣ್ಣನ ಮುಖ ಅರಳಿತು. "ನೋಡಿದ್ರಾ ಅಪ್ಪಾ? ಆ ಗ್ಯಾರೇಜಿನೋನೂ ಕೈ ಹಾಕಲಿಲ್ಲ, ನೀವೂ ಕೈ ಹಾಕಲಿಲ್ಲ, ತಾನಾಗೇ ಸರಿಹೋಯ್ತು. ನಾನು ಅವತ್ತು ಏನೇನೋ ಅಂದುಬಿಟ್ಟೆ. ಮನಸಲ್ಲಿ ಇಟ್ಕೋಬೇಡಿ."

"ಅಪ್ಪ ಮಗ ಒಂದಾದ್ರು," ಎಂದಳು ಅಜ್ಜಿ. "ಇನ್ನು ಪಿಸುಗೆ ಕೆಲಸ ಹೋಯ್ತು."

ಎಲ್ಲರೂ ನಕ್ಕರು. ಅಪ್ಪ ತೊಟ್ಟಿಲನ್ನು ನೋಡಿದರು, ನೀರು ಕುಡಿದರು, ಎದ್ದು ಕೈ ತೊಳೆದರು. ನಾನು ಹಿಂದೆಯೇ ಹೋದೆ. "ಬೆಳಗ್ಗೆ," ಎಂದರು, ನನ್ನ ಕಡೆ ತಿರುಗದೆ. "ಖಂಡಿತ ಹೇಳ್ತೀನಿ, ಹೊರಡೋಕೆ ಮುಂಚೆ."

ಬೆಳಗ್ಗೆ ಅತ್ತಿಗೆ ತಲೆ ಬಾಚಿ, ಆಸ್ಪತ್ರೆಯ ಚೀಟಿಗಳನ್ನು ಎದೆಗೊತ್ತಿ ಹಿಡಿದು ಮೆಟ್ಟಿಲಿಳಿದಳು. ಅಣ್ಣ ಗಾಡಿ ಬಾಗಿಲು ತೆರೆದು ನಿಂತಿದ್ದ. ಅಪ್ಪ ಒಳಗಿಂದ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಅವಳು ಬಸ್ಸಲ್ಲಿ ಹೋಗ್ಲಿ. ನಿಮ್ಮಮ್ಮ ಜೊತೇಲಿ ಹೋಗ್ತಾಳೆ."

"ಯಾಕಪ್ಪಾ?"

ಅಪ್ಪ ನನ್ನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು. ಬಾಯಿ ತೆರೆದರು. ಅಣ್ಣ ಕಾಯುತ್ತಿದ್ದ.

"ನಾನು ಬರ್ತೀನಿ ನಿನ್ನ ಜೊತೆ. ಗ್ಯಾರೇಜಿನ ತನಕ. ಅಲ್ಲಿ… ಅಲ್ಲಿ ಒಂದು ಮಾತಿದೆ."

ಇಷ್ಟು ಹೇಳಿ ಬಗ್ಗಿ, ಅತ್ತಿಗೆಯ ಸೀಟಿನಲ್ಲಿ ಕೂತುಬಿಟ್ಟರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಬಾಗಿಲು ತಾವೇ ಎಳೆದುಕೊಂಡರು.

ಅಣ್ಣನಿಗೆ ನಂಬಿಕೆಯೇ ಬರಲಿಲ್ಲ. "ಅಮ್ಮಾ, ನೋಡಿಲ್ಲಿ! ಅಪ್ಪ ಕೂತ್ರು!" ಎಂದು ಕೂಗಿದ. ಚಿಕ್ಕಂದಿನಲ್ಲಿ ಇದೇ ಗಾಡಿ ಹಾದುಹೋದಾಗ ಹೀಗೇ ಕೂಗುತ್ತಿದ್ದ. ಓಡಿಹೋಗಿ ಸ್ಟೇರಿಂಗ್ ಹಿಂದೆ ಕೂತು ಗಾಡಿ ಶುರುಮಾಡಿದ. ಅಪ್ಪನಿಗೆ ಕೇಳಿಸಲಿ ಅಂತ ಬೇಕೆಂದೇ ಎರಡು ಸಲ ಆಕ್ಸಿಲರೇಟರ್ ತುಳಿದ. ಒಳಗೆ ಗುಂಡಿ ಡಬ್ಬಿ ಗಡಗಡ ಅಂದಿತು.

ನಾನು ಮೆಟ್ಟಿಲು ಹಾರಿ ಅಪ್ಪನ ಕಡೆಯ ಕಿಟಕಿಗೆ ಬಂದೆ. "ಅಣ್ಣಾ, ಬೇಡ! ಬ್ರೇಕಿಲ್ಲ! ಅಪ್ಪ ಎಣ್ಣೆ ಹಾಕಿದಾರೆ!"

ಅಣ್ಣ ಕಿವಿಗೆ ಕೈ ಹಿಡಿದ, ನಕ್ಕ, ತಲೆ ಆಡಿಸಿದ. ಏನೂ ಕೇಳಿಸುತ್ತಿಲ್ಲ ಅಂತ. ಅಪ್ಪನಿಗೆ ಕೇಳಿಸಿತು. ಕಿಟಕಿಯ ಗಾಜಿನಾಚೆ ಬೇಡ ಎನ್ನುವ ಹಾಗೆ ನನಗೆ ಕೈಯಾಡಿಸಿದರು. ಆಮೇಲೆ ಅದೇ ಕೈಯಿಂದ ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಗಾಡಿ ಇಳಿಜಾರಿಗೆ ಜಾರಿತು. ನಾನು ಓಡಿದೆ, ಕೂಗುತ್ತಾ ಓಡಿದೆ. ಎದುರು ಮನೆಯವರು ಬಾಗಿಲು ತೆಗೆದು ನೋಡಿದರು, ಅಷ್ಟು ಗಟ್ಟಿಯಾಗಿತ್ತು ನನ್ನ ದನಿ. ಗಾಡಿ ಆಗಲೇ ಕೆಳಗೆ ಬೆರಳಷ್ಟಾಗಿತ್ತು. ಟ್ಯಾಂಕಿನ ಗೋಡೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಅದರ ಹಿಂದಿನ ಕೆಂಪು ದೀಪಗಳು ಹೊತ್ತಿದವು. ಆರಿದವು. ಮತ್ತೆ ಹೊತ್ತಿದವು.

ನಾನು ಆ ಕಿರ್ರ್ ಸದ್ದಿಗೆ ಕಾದೆ. ಹಿಂದೆ ಮೆಟ್ಟಿಲ ಮೇಲೆ ಅಮ್ಮ, ಅತ್ತಿಗೆ ಕಾಯುತ್ತಿದ್ದರು. ಒಳಗಿಂದ ಅಜ್ಜಿ ಕೇಳುತ್ತಿದ್ದಳು, "ಇನ್ನೂ ತಿರುವು ದಾಟ್ಲಿಲ್ವೇನೇ?"

ಅಪ್ಪ ಹೇಳಿದ ಹಾಗೆಯೇ ಆ ಸದ್ದು ನಿಂತಿತ್ತು.